ಅಪ್ಪನ ಪೊಟ್ಯಾಸಿಯಂ ಪುಡಿ ಥರ್ಮೋಕೋಲಾ? ರಾಳ, ರೆಸಿನ್ ಬಗ್ಗೆ ಗೊತ್ತಿದ್ದವರು ಹೇಳಿ

ಮಲ್ಲು, ಸೇಡಂ

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ ಕಿಡ್ನಿ ತೊಂದರೆ ಇದೆ. ಡಯಾಲಿಸಿಸ್ ಇನ್ನೂ ಶುರುವಾಗಿಲ್ಲ, ಮಾತ್ರೆ ಮತ್ತು ಪಥ್ಯದ ಮೇಲೆ ನಡೆದಿದೆ. ಹೋದ ವಾರ ರಕ್ತ ಪರೀಕ್ಷೆಯಲ್ಲಿ ಪೊಟ್ಯಾಸಿಯಂ 5.9 ಬಂತು. ಕಲಬುರಗಿಗೆ ಕರೆದುಕೊಂಡು ಹೋಗಿ ತೋರಿಸಿದೆವು. ಡಾಕ್ಟರು ಒಂದು ಪುಡಿ ಬರೆದುಕೊಟ್ಟರು. ನೀರಿನಲ್ಲಿ ಕಲಸಿ ಕುಡಿಸಬೇಕು. ಪ್ಯಾಕೆಟ್ ಮೇಲೆ ‘ಕ್ಯಾಲ್ಸಿಯಂ ಪಾಲಿಸ್ಟೈರೀನ್ ಸಲ್ಫೋನೇಟ್’ ಅಂತ ಇದೆ. ಒಳಗಿನ ಚೀಟಿಯಲ್ಲಿ ಇದೊಂದು ರೆಸಿನ್ ಅಂತ ಬರೆದಿದ್ದಾರೆ.

ನಮ್ಮ ಸೋದರಮಾವ ಮೊಬೈಲಿನಲ್ಲಿ ಹುಡುಕಿ, ಪಾಲಿಸ್ಟೈರೀನ್ ಅಂದ್ರೆ ಥರ್ಮೋಕೋಲ್ ಅಂತ ತೋರಿಸಿದರು. ‘ನಿಮ್ಮಪ್ಪಗ ಪ್ಲಾಸ್ಟಿಕ್ ತಿನಸ್ಲಿಕ್ಕತ್ತೀರಿ’ ಅಂತ ಮನೆಯಲ್ಲಿ ದೊಡ್ಡ ಗಲಾಟೆ. ಅದನ್ನು ಬಿಟ್ಟು ಗುಗ್ಗುಳ ಕೊಡಿ, ಅದೂ ರಾಳವೇ, ಆದರೆ ಗಿಡದ್ದು ಅನ್ನುತ್ತಾರೆ. ಅಪ್ಪ ಈಗ ಪುಡಿ ಮುಟ್ಟುತ್ತಿಲ್ಲ. ಬೆಳಿಗ್ಗೆ ಕಲಸಿಟ್ಟ ಲೋಟ ಹಾಗೇ ಇತ್ತು. ಮೇಲೆ ತಿಳಿನೀರು, ಪುಡಿಯೆಲ್ಲ ತಳಕ್ಕೆ ಕೂತಿತ್ತು. ಕರಗದ್ದು ಹೊಟ್ಟೆಯಲ್ಲಿ ಹೇಗೆ ಕರಗುತ್ತದೆ ಅಂತ ಅವರ ಪ್ರಶ್ನೆ. ನನಗೂ ಉತ್ತರ ಗೊತ್ತಿಲ್ಲ.

ಸುವರ್ಣಾ, ಕಲಬುರಗಿ (ಔಷಧಿ ಅಂಗಡಿ)

ಮಲ್ಲು, ಮೊದಲು ಒಂದು ಕೆಲಸ ಮಾಡಿ. ಅಪ್ಪ ಪುಡಿ ನಿಲ್ಲಿಸಿದ್ದನ್ನು ಇವತ್ತೇ ಡಾಕ್ಟರಿಗೆ ಫೋನ್ ಮಾಡಿ ತಿಳಿಸಿ. ರಕ್ತದಲ್ಲಿ ಪೊಟ್ಯಾಸಿಯಂ 3.5ರಿಂದ 5ರ ಆಸುಪಾಸು ಇರಬೇಕು. 5.9 ಸುಮ್ನೆ ಬಿಡುವ ಅಂಕಿ ಅಲ್ಲ. ಇನ್ನೂ ಏರಿದರೆ ಎದೆಬಡಿತ ಏರುಪೇರಾಗುತ್ತದೆ. ಅದು ಮುಂಚೆ ಸೂಚನೆ ಕೊಟ್ಟೇ ಬರುತ್ತದೆ ಅಂತೇನಿಲ್ಲ.

ಇನ್ನು ಮಾವನ ಮಾತು. ಹೆಸರಿನ ಮಟ್ಟಿಗೆ ಅವರು ಹೇಳಿದ್ದು ಸರಿ. ಥರ್ಮೋಕೋಲ್ ಕೂಡ ಪಾಲಿಸ್ಟೈರೀನೇ, ಉಬ್ಬಿಸಿದ ಪಾಲಿಸ್ಟೈರೀನ್. ಈ ಪುಡಿಯಲ್ಲಿ ಅದೇ ಉದ್ದನೆಯ ಸರಪಳಿಗಳನ್ನು ಅಡ್ಡಡ್ಡ ಕಟ್ಟಿ ಬಲೆ ಮಾಡಿರುತ್ತಾರೆ. ಬಲೆಯ ತುಂಬ ಸಲ್ಫೋನೇಟ್ ಗುಂಪುಗಳನ್ನು ಕೂರಿಸಿರುತ್ತಾರೆ. ಈ ಗುಂಪುಗಳು ಋಣ ವಿದ್ಯುದಂಶದವು, ಹಾಗಾಗಿ ಕ್ಯಾಲ್ಸಿಯಂ ಅವಕ್ಕೆ ಅಂಟಿಕೊಂಡಿರುತ್ತದೆ. ಕರುಳಿಗೆ ಹೋದ ಮೇಲೆ, ಅದರಲ್ಲೂ ದೊಡ್ಡ ಕರುಳಿನಲ್ಲಿ, ಕ್ಯಾಲ್ಸಿಯಂ ಬಿಟ್ಟು ಪೊಟ್ಯಾಸಿಯಂ ಹಿಡಿದುಕೊಳ್ಳುತ್ತವೆ. ಬಲೆ ಕರಗುವುದಿಲ್ಲ, ರಕ್ತಕ್ಕೆ ಸೇರುವುದಿಲ್ಲ. ಹಿಡಿದ ಪೊಟ್ಯಾಸಿಯಂ ಸಮೇತ ಮಲದಲ್ಲಿ ಹೊರಗೆ ಹೋಗುತ್ತದೆ. ಅಪ್ಪನಿಗೆ ಹೀಗೆ ಹೇಳಿ: ಅದು ಕರಗಬಾರದು, ಕರಗಿದರೆ ಔಷಧವೇ ಅಲ್ಲ.

ಇದೇ ಜಾತಿಯ ಸೋಡಿಯಂ ಪುಡಿಗೆ ಅಮೆರಿಕದಲ್ಲಿ 1958ರಲ್ಲೇ ಅನುಮತಿ ಸಿಕ್ಕಿದೆ. ಹೊಸದೇನಲ್ಲ.

ಹಾಗಂತ ಹಾಲಿನ ಪುಡಿಯೂ ಅಲ್ಲ. ಮಲಬದ್ಧತೆ ಜಾಸ್ತಿ ಆಗುತ್ತದೆ. ಎರಡು ದಿನ ಹೊರಗೆ ಹೋಗದಿದ್ದರೆ ಡಾಕ್ಟರಿಗೆ ಹೇಳಲೇಬೇಕು. ಅಪರೂಪಕ್ಕೆ ಕರುಳಿಗೆ ಗಾಯ ಆದದ್ದೂ ಇದೆ. ಸಾರ್ಬಿಟಾಲ್ ಎಂಬ ಭೇದಿ ಔಷಧದ ಜೊತೆ ಕೊಟ್ಟಾಗ ಹಾಗೆ ಆಗಿದ್ದರಿಂದ 2009ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ಕೊಟ್ಟಿತು. ಭೇದಿಗೆ ಏನು ಕೊಡುವುದಿದ್ದರೂ ಕೇಳಿಯೇ ಕೊಡಿ. ಈ ಪುಡಿ ಬೇರೆ ಮಾತ್ರೆಗಳನ್ನೂ ಹಿಡಿದುಕೊಳ್ಳುತ್ತದೆ, ಅದಕ್ಕೇ ನಡುವೆ ಕನಿಷ್ಠ 3 ತಾಸು ಅಂತರ ಬೇಕು. ನಮ್ಮ ಅಂಗಡಿಗೆ ಬರುವವರಲ್ಲಿ ಬಹಳ ಜನ ಎಲ್ಲವನ್ನೂ ಒಟ್ಟಿಗೆ ನುಂಗಿಸಿ ಮುಗಿಸಿಬಿಡುತ್ತಾರೆ.

ಕಲಸಿದ ಕೂಡಲೇ ಕುಡಿಸಿ, ಇಟ್ಟರೆ ಕೂತುಬಿಡುತ್ತದೆ. ತಳದಲ್ಲಿ ಉಳಿದರೆ ಇನ್ನೊಂದಿಷ್ಟು ನೀರು ಹಾಕಿ ತಿರುವಿ ಅದನ್ನೂ ಕೊಡಿ. ಹಣ್ಣಿನ ರಸದಲ್ಲಿ ಕಲಸಬೇಡಿ. ಎಳನೀರಂತೂ ಬೇಡವೇ ಬೇಡ. ನಮ್ಮ ಬಿಸಿಲಿಗೆ ಬಂದವರೆಲ್ಲ ರೋಗಿಗೆ ಎಳನೀರು ತರುತ್ತಾರೆ, ಅದರ ತುಂಬ ಪೊಟ್ಯಾಸಿಯಂ.

ಇನ್ನೊಂದು ಮುಖ್ಯ ವಿಷಯ. ಈ ಪುಡಿ ನಿಧಾನ, ತಾಸುಗಟ್ಟಲೆ ಹಿಡಿಯುತ್ತದೆ. ಎದೆ ಡವಗುಟ್ಟಿದರೆ, ಕೈಕಾಲು ಸೋತರೆ ಪುಡಿ ನಂಬಿ ಕೂರಬೇಡಿ. ನೇರ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ.

ಬಸಣ್ಣ, ಚಿತ್ತಾಪುರ

ಸುವರ್ಣಾ ಅಕ್ಕಾರು ಹೇಳಿದ್ದನ್ನು ಓದಿ ಬಹಳ ಖುಷಿ ಆಯ್ತು. ಯಾಕಂದ್ರೆ ಅದೇ ಮಾಲು ನಾನು ದಿನಾ ನೋಡುತ್ತೇನೆ, ಟನ್‌ಗಟ್ಟಲೆ. ಸಿಮೆಂಟ್ ಫ್ಯಾಕ್ಟರಿಯ ಪವರ್ ಪ್ಲಾಂಟಿನಲ್ಲಿ ನಾನು ಡಿಎಂ ನೀರಿನ, ಅಂದರೆ ಉಪ್ಪಿನಂಶ ತೆಗೆದ ನೀರಿನ, ಆಪರೇಟರ್. ಬಾಯ್ಲರಿಗೆ ನಮ್ಮ ಬೋರ್‌ವೆಲ್ ನೀರು ಹಾಗೇ ಬಿಟ್ಟರೆ ಟ್ಯೂಬಿನೊಳಗೆ ಸುಣ್ಣ ಕಟ್ಟಿ ಒಡೆದೇ ಹೋಗುತ್ತದೆ. ಅದಕ್ಕೆ ನೀರಿನಲ್ಲಿರುವ ಉಪ್ಪಿನಂಶ ಪೂರ್ತಿ ತೆಗೆಯಬೇಕು.

ಎರಡು ದೊಡ್ಡ ಟ್ಯಾಂಕ್ ಇರುತ್ತವೆ. ಮೊದಲನೆಯದರಲ್ಲಿ ಕ್ಯಾಟಯಾನ್ ರೆಸಿನ್, ಅಂದರೆ ಧನ ವಿದ್ಯುದಂಶದವನ್ನು ಹಿಡಿಯುವಂಥದ್ದು. ಸಲ್ಫೋನೇಟ್ ಗುಂಪಿರುವ ಪಾಲಿಸ್ಟೈರೀನ್, ಅಪ್ಪನ ಪುಡಿಯ ಕುಲವೇ. ಅದು ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ ಎಲ್ಲ ಹಿಡಿದು ಹೈಡ್ರೋಜನ್ ಬಿಡುತ್ತದೆ. ಎರಡನೆಯದರಲ್ಲಿ ಆನಯಾನ್ ರೆಸಿನ್, ಋಣ ವಿದ್ಯುದಂಶದವನ್ನು ಹಿಡಿಯುವಂಥದ್ದು. ಅದು ಕ್ಲೋರೈಡ್, ಸಲ್ಫೇಟ್ ಹಿಡಿದು ಹೈಡ್ರಾಕ್ಸೈಡ್ ಬಿಡುತ್ತದೆ. ಬಿಟ್ಟದ್ದು ಎರಡೂ ಸೇರಿದರೆ ನೀರು, ಅಷ್ಟೇ.

ಕಾಳು ಸಣ್ಣ ರವೆಯಷ್ಟು, 0.3ರಿಂದ 1.2 ಮಿಲಿಮೀಟರ್. ಕೈಯಲ್ಲಿ ಹಿಡಿದರೆ ಬೆರಳ ಸಂದಿಯಲ್ಲಿ ಜಾರಿ ಹೋಗುತ್ತದೆ. ನೆಲಕ್ಕೆ ಚೆಲ್ಲಿದರೆ ಕಾಲಿಟ್ಟವನು ಬಿದ್ದೇ ಬೀಳುತ್ತಾನೆ. ನಮ್ಮಲ್ಲಿ ಕ್ಯಾಟಯಾನಿನದು ಕಂದು ಬಣ್ಣ, ಆನಯಾನಿನದು ತಿಳಿ ಹಳದಿ. ಕೆಳಗಿನಿಂದ ನೀರು ಬಿಟ್ಟು ತೊಳೆಯುವಾಗ ಟ್ಯಾಂಕಿನ ಗಾಜಿನ ಕಿಂಡಿಯಲ್ಲಿ ಕಾಳೆಲ್ಲ ಮೇಲೆದ್ದು ಕುಣಿಯುವುದು ಕಾಣುತ್ತದೆ. ಆನಯಾನ್ ರೆಸಿನ್ ಹಳೆಯದಾದರೆ ಮೀನಿನ ವಾಸನೆ ಬರುತ್ತದೆ. ಅದರಲ್ಲಿರುವ ಅಮೀನ್ ಎಂಬ ರಾಸಾಯನಿಕ ಬಿಡುತ್ತಿದೆ ಅಂತ ಅರ್ಥ. ಮೀಟರ್ ಹೇಳುವ ಮುಂಚೆ ಮೂಗು ಹೇಳುತ್ತದೆ.

ಹಿಡಿದು ಹಿಡಿದು ಸಾಕಾದ ಮೇಲೆ ಒಂದಕ್ಕೆ ಹೈಡ್ರೋಕ್ಲೋರಿಕ್ ಆಸಿಡ್, ಇನ್ನೊಂದಕ್ಕೆ ಕಾಸ್ಟಿಕ್ ಸೋಡಾ ಬಿಟ್ಟು ತೊಳೆಯುತ್ತೇವೆ. ಮತ್ತೆ ಹೊಸದರಂತೆ ಕೆಲಸ ಮಾಡುತ್ತದೆ. ವರ್ಷಗಟ್ಟಲೆ ಬರುತ್ತದೆ.

ಇದನ್ನು ಶುರು ಮಾಡಿದವರು ಬ್ರಿಟನ್ನಿನ ಆಡಮ್ಸ್ ಮತ್ತು ಹೋಮ್ಸ್, 1935ರಲ್ಲಿ. ಅವರದು ಫಿನಾಲ್-ಫಾರ್ಮಾಲ್ಡಿಹೈಡ್ ರೆಸಿನ್. ಅಂದರೆ ಬೇಕ್‌ಲೈಟ್ ಜಾತಿ, ಹಳೆ ಕಾಲದ ಕರಿ ಸ್ವಿಚ್ಚುಗಳ ಮಾಲು. ಪಾಲಿಸ್ಟೈರೀನಿನವು ಬಂದದ್ದು 1940ರ ದಶಕದಲ್ಲಿ.

ಶಿವು, ಶಹಾಪುರ

ಬಸಣ್ಣ, ಮನೆಗೆ ಹಾಕಿಸುವ ಸಾಫ್ಟನರ್ ಕೂಡ ಇದೇನಾ? ನಮ್ಮಲ್ಲಿ ಫ್ಲೋರೈಡ್ ನೀರು. ಅಂಗಡಿಯವನು ಸಾಫ್ಟನರ್ ಹಾಕಿಸಿದರೆ ಫ್ಲೋರೈಡೂ ಹೋಗುತ್ತದೆ ಅಂದ.

ಬಸಣ್ಣ, ಚಿತ್ತಾಪುರ

ಹೋಗುವುದಿಲ್ಲ. ಅವನು ಮಾರುವುದಕ್ಕೆ ಹೇಳಿದ್ದು. ಮನೆಯ ಸಾಫ್ಟನರಿನಲ್ಲಿ ಕ್ಯಾಟಯಾನ್ ರೆಸಿನ್ ಮಾತ್ರ ಇರುತ್ತದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದು ಸೋಡಿಯಂ ಬಿಡುತ್ತದೆ. ಅದಕ್ಕೇ ಆಗಾಗ ಉಪ್ಪು ಸುರಿಯಬೇಕು. ಬಟ್ಟೆಗೆ, ಗೀಸರಿಗೆ, ತಲೆಸ್ನಾನಕ್ಕೆ ಒಳ್ಳೆಯದು. ಫ್ಲೋರೈಡ್ ಋಣ ಅಂಶದ್ದು, ಈ ರೆಸಿನ್ ಅದನ್ನು ಮೂಸಿಯೂ ನೋಡುವುದಿಲ್ಲ. ಅದಕ್ಕೆ ಆರ್‌ಒ ಬೇಕು, ಇಲ್ಲವೇ ಆಕ್ಟಿವೇಟೆಡ್ ಅಲ್ಯುಮಿನಾ ಫಿಲ್ಟರ್. ಖರ್ಚು ಕಡಿಮೆ ಬೇಕೆಂದರೆ ಪಟಕ ಮತ್ತು ಸುಣ್ಣ ಹಾಕಿ ಕಲಕಿ ತಿಳಿ ತೆಗೆಯುವ ನಲ್ಗೊಂಡ ಪದ್ಧತಿ ಇದೆ. 1970ರ ದಶಕದಲ್ಲಿ ನಾಗಪುರದ ನೀರಿ ಸಂಸ್ಥೆಯವರು ಮಾಡಿದ್ದು. ಆದರೆ ಪಟಕದ ಅಳತೆ ನೀರು ನೋಡಿ ಬದಲಾಗುತ್ತದೆ, ಪರೀಕ್ಷೆ ಮಾಡಿಸದೆ ಅಂದಾಜಿನಲ್ಲಿ ಹಾಕಬೇಡಿ.

ಇನ್ನೊಂದು ಮಾತು. ಸಾಫ್ಟನರ್ ನೀರಿನಲ್ಲಿ ಸೋಡಿಯಂ ಜಾಸ್ತಿ. ಬಿಪಿ, ಕಿಡ್ನಿ ಇರುವವರು ಕುಡಿಯುವುದಕ್ಕೆ ಬಳಸಬೇಡಿ. ಮಲ್ಲು, ನಿಮ್ಮ ಮನೆಯಲ್ಲೂ ನೋಡಿಕೊಳ್ಳಿ.

ಪಕ್ಕಾ ದೇಸಿ

ಎಲ್ಲಾ ಸರಿ. ಆದರೆ ಫ್ಯಾಕ್ಟರಿಯ ಮಾಲು ಮನುಷ್ಯನ ಹೊಟ್ಟೆಗೆ ಹಾಕಿ ವಿಜ್ಞಾನ ಅನ್ನುತ್ತೀರಿ, ಗಿಡದ ರಾಳ ಅಂದರೆ ಮೂಢನಂಬಿಕೆ ಅನ್ನುತ್ತೀರಿ. ವೀರಭದ್ರನ ಗುಡಿಯಲ್ಲಿ ಗುಗ್ಗಳ, ಬಂದೇನವಾಜ್ ದರ್ಗಾದಲ್ಲಿ ಲೋಬಾನ. ಎರಡೂ ರಾಳ. ಸಾವಿರ ವರ್ಷ ಬಳಸಿದ್ದು ಸುಮ್ನೆ ಅಲ್ಲ.

ಗುಗ್ಗುಳದ ಮೇಲೆ ಸಂಶೋಧನೆ ಆಗಿಲ್ಲ ಅನ್ನಬೇಡಿ. 1966ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಡಾ. ಜಿ.ವಿ. ಸತ್ಯವತಿ ಅವರು ಸುಶ್ರುತ ಸಂಹಿತೆಯ ವಿವರಣೆ ಹಿಡಿದು, ಮೊಲಗಳ ಮೇಲೆ ಪ್ರಯೋಗ ಮಾಡಿ, ಕೊಬ್ಬು ಇಳಿಯುತ್ತದೆ ಅಂತ ತೋರಿಸಿದರು. ಆಮೇಲೆ ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಸಿಡಿಆರ್‌ಐನವರು ಅದರಿಂದ ಗುಗುಲಿಪಿಡ್ ಎಂಬ ಔಷಧವನ್ನೇ ತಂದರು.

ಸುವರ್ಣಾ, ಕಲಬುರಗಿ (ಔಷಧಿ ಅಂಗಡಿ)

ದೇಸಿ ಅಣ್ಣಾ, ಸತ್ಯವತಿ ಅವರ ಕೆಲಸ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಕಥೆ ಮುಂದೆಯೂ ಇದೆ. 2002ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಒಂದು ಲೇಖನ ಬಂತು. ಗುಗ್ಗುಳದ ಗುಗ್ಗುಲ್‌ಸ್ಟೆರೋನ್ ಯಕೃತ್ತಿನಲ್ಲಿ ಪಿತ್ತದ ಲೆಕ್ಕ ಇಡುವ ಒಂದು ಪ್ರೋಟೀನಿಗೆ ತಡೆ ಹಾಕುತ್ತದೆ ಅಂತ ಅದರಲ್ಲಿ ತೋರಿಸಿದರು. ಎಲ್ಲರಿಗೂ ಭರವಸೆ ಹುಟ್ಟಿತು. ಮರುವರ್ಷ, 2003ರಲ್ಲಿ, ಅಮೆರಿಕದಲ್ಲಿ 103 ಜನರ ಮೇಲೆ 8 ವಾರ ಪರೀಕ್ಷೆ ಮಾಡಿದರು. ಅರ್ಧಂಬರ್ಧ ಅಲ್ಲ, ಯಾರು ಔಷಧ ತಗೊಂಡರು, ಯಾರು ಖಾಲಿ ಮಾತ್ರೆ ತಗೊಂಡರು ಅಂತ ಕೊಟ್ಟವರಿಗೂ ಗೊತ್ತಿಲ್ಲದ ಹಾಗೆ. ಗುಗುಲಿಪಿಡ್ ತಗೊಂಡವರಲ್ಲಿ ಕೆಟ್ಟ ಕೊಲೆಸ್ಟರಾಲ್ ಇಳಿಯಲಿಲ್ಲ, ಶೇ 4ರಿಂದ 5ರಷ್ಟು ಏರಿತು. ಕೆಲವರಿಗೆ ಮೈಮೇಲೆ ದದ್ದು ಬಂತು.

ಊಟದ ಪದ್ಧತಿ ಬೇರೆ, ಜನ ಬೇರೆ ಅಂತ ನೀವು ಹೇಳಬಹುದು. ಒಪ್ಪೋಣ. ಆದರೆ ಪೊಟ್ಯಾಸಿಯಂಗೂ ಗುಗ್ಗುಳಕ್ಕೂ ಯಾವ ಸಂಬಂಧವೂ ಇಲ್ಲ. ಮಲ್ಲು ಕೇಳಿದ್ದು ಅದನ್ನು.

ಕೊಲೆಸ್ಟರಾಲ್ ಮಾತು ಬಂತಲ್ಲ, ಅಲ್ಲಿಯೂ ಒಂದು ರೆಸಿನ್ ಇದೆ. ಕೊಲೆಸ್ಟಿರಮೈನ್ ಅಂತ. ಬಸಣ್ಣನ ಎರಡನೇ ಟ್ಯಾಂಕಿನ ಜಾತಿಯದು. ಕರುಳಿನಲ್ಲಿ ಪಿತ್ತದ ಆಮ್ಲಗಳನ್ನು ಹಿಡಿದು ಹೊರಗೆ ಒಯ್ಯುತ್ತದೆ. ಕಡಿಮೆ ಬಿದ್ದ ಪಿತ್ತವನ್ನು ಮತ್ತೆ ಮಾಡಲು ಯಕೃತ್ತು ರಕ್ತದಿಂದ ಕೊಲೆಸ್ಟರಾಲ್ ಎಳೆದುಕೊಳ್ಳುತ್ತದೆ. ಅದೂ ರಕ್ತಕ್ಕೆ ಸೇರುವುದೇ ಇಲ್ಲ. 1984ರಲ್ಲಿ ಅಮೆರಿಕದಲ್ಲಿ 3,806 ಗಂಡಸರ ಮೇಲಿನ ಪರೀಕ್ಷೆಯ ಫಲಿತಾಂಶ ಬಂತು. ಸರಾಸರಿ 7.4 ವರ್ಷ ನೋಡಿದ್ದರು. ಈ ಪುಡಿ ತಗೊಂಡವರಲ್ಲಿ ಹೃದಯಾಘಾತ ಮತ್ತು ಅದರಿಂದಾಗುವ ಸಾವು ಶೇ 19ರಷ್ಟು ಕಡಿಮೆ. ಕೊಲೆಸ್ಟರಾಲ್ ಇಳಿಸಿದರೆ ಹೃದಯಾಘಾತ ಇಳಿಯುತ್ತದಾ ಎಂಬ ದೊಡ್ಡ ಜಗಳಕ್ಕೆ ಉತ್ತರ ಕೊಟ್ಟದ್ದು ಹೀಗೆ ರುಚಿಯಿಲ್ಲದ, ಮರಳು ಮರಳಾದ ಒಂದು ರೆಸಿನ್ ಪುಡಿ. ಈಗ ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಬಂದ ಮೇಲೆ ಇದನ್ನು ಬರೆಯುವವರು ಕಡಿಮೆ.

ಮೇಷ್ಟ್ರು, ಆಳಂದ

ನಿವೃತ್ತ ರಸಾಯನಶಾಸ್ತ್ರ ಮೇಷ್ಟ್ರು ನಾನು, ಬಾಯಿ ತಡೆಯುವುದಿಲ್ಲ. ಇಲ್ಲಿ ಹಲವರು ಅಂಟು ಮತ್ತು ರಾಳ ಒಂದೇ ಅಂದುಕೊಂಡ ಹಾಗಿದೆ. ನಮ್ಮ ಹೊಲದ ಬದುವಿನ ಜಾಲಿ ಗಿಡದಿಂದ ಬರುವುದು ಅಂಟು. ಬಾಣಂತಿಗೆ ಅಂಟಿನ ಉಂಡಿ ಕಟ್ಟುತ್ತಾರಲ್ಲ, ಅದು. ಅದು ಸಕ್ಕರೆಯ ನೆಂಟ, ನೀರಿನಲ್ಲಿ ಕರಗುತ್ತದೆ. ರಾಳ ನೀರಿಗೆ ಜಗ್ಗುವುದಿಲ್ಲ. ಸ್ಪಿರಿಟ್ಟಿನಲ್ಲಿ ಅಥವಾ ಎಣ್ಣೆಯಲ್ಲಿ ಕರಗುತ್ತದೆ, ಬಿಸಿ ಮಾಡಿದರೆ ಮೆತ್ತಗಾಗುತ್ತದೆ. ಎರಡು ಲೋಟ, ಒಂದರಲ್ಲಿ ನೀರು, ಒಂದರಲ್ಲಿ ಸ್ಪಿರಿಟ್. ಒಂದೊಂದು ಚೂರು ಹಾಕಿ ರಾತ್ರಿ ಇಡಿ. ಬೆಳಿಗ್ಗೆ ಗೊತ್ತಾಗುತ್ತದೆ. ಸ್ಪಿರಿಟ್ ಲೋಟ ಒಲೆಯ ಹತ್ತಿರ ಬೇಡ.

ಗುಗ್ಗುಳ, ಇಂಗು ಎರಡರಲ್ಲೂ ಅಂಟು ಮತ್ತು ರಾಳ ಸೇರಿಕೊಂಡಿರುತ್ತವೆ. ಇಂಗಿನ ಘಾಟು ಎಣ್ಣೆಗೆ ಬೇಗ ಇಳಿಯುತ್ತದೆ, ಹಾಗಾಗಿಯೇ ಒಗ್ಗರಣೆ. ಊರಿನ ತೊಗರಿಬೇಳೆಗೆ ಜಿಐ ಗುರುತು ಸಿಕ್ಕಿದೆ, ಆದರೆ ಅದಕ್ಕೆ ಹಾಕುವ ಇಂಗು ಅಫ್ಘಾನಿಸ್ತಾನ, ಇರಾನ್ ಕಡೆಯಿಂದ ಬರುತ್ತದೆ. 2020ರ ಅಕ್ಟೋಬರಿನಲ್ಲಿ ಪಾಲಂಪುರದ ಸಿಎಸ್‌ಐಆರ್ ಸಂಸ್ಥೆಯವರು ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಇಂಗಿನ ಸಸಿ ನೆಟ್ಟರು. ತಣ್ಣಗಿನ ಒಣ ನಾಡು ಬೇಕು ಅದಕ್ಕೆ. ನಮ್ಮ ಬಿಸಿಲಿಗೆ ಆಸೆ ಪಡಬೇಡಿ.

ಇನ್ನು, ಗಿಡಕ್ಕೆ ರಾಳ ಯಾಕೆ ಬೇಕು? ಗಾಯ ಮುಚ್ಚಲು, ಹುಳ ಬೂಷ್ಟು ತಡೆಯಲು. ಹಾಗಾಗಿ ಅದರಲ್ಲಿ ಮದ್ದಿನ ಗುಣ ಇರುವುದು ಆಶ್ಚರ್ಯ ಅಲ್ಲ. ವಿಷದ ಗುಣವೂ ಅಲ್ಲೇ ಇರುತ್ತದೆ.

ಕವಿತಾ, ಕಡಗಂಚಿ

ಮೇಷ್ಟ್ರೇ, ನಿಮ್ಮ ಕೊನೆಯ ಮಾತಿಗೆ ಒಳ್ಳೆ ಉದಾಹರಣೆ ಪೊಡೊಫಿಲಿನ್. ಹಿಮಾಲಯದಲ್ಲಿ ಬೆಳೆಯುವ ಪೊಡೊಫಿಲಮ್ ಗಿಡದ ಬೇರಿನ ರಾಳ. ಹಿಂದೆ ಭೇದಿಗೆ ಕೊಡುತ್ತಿದ್ದರು, ಎಷ್ಟೋ ಜನಕ್ಕೆ ವಿಷವಾಗಿದೆ. 1940ರ ದಶಕದಿಂದ ನರುಲಿಗೆ ಮೇಲೆ ಹಚ್ಚಲು ಬಳಸಿದರು. ಅದರೊಳಗಿನ ಪೊಡೊಫಿಲೊಟಾಕ್ಸಿನ್ ಜೀವಕೋಶ ಒಡೆದು ಎರಡಾಗುವುದನ್ನೇ ತಡೆಯುತ್ತದೆ. ಆ ಅಣುವನ್ನು ತಿದ್ದಿ ಎಟೊಪೊಸೈಡ್ ಮಾಡಿದರು. 1983ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಶ್ವಾಸಕೋಶ ಮತ್ತು ವೃಷಣದ ಕ್ಯಾನ್ಸರಿಗೆ ಇವತ್ತಿಗೂ ಕೊಡುತ್ತಾರೆ. ಗಿಡದ ರಾಳ ಹಾಗೇ ನುಂಗಿದ್ದರೆ ಸಾವು, ಅಳೆದು ತಿದ್ದಿದರೆ ಔಷಧ.

ಶಲ್ಲಕಿ ಮರದ ರಾಳವನ್ನು ಮಾತ್ರ ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಅದರ ಬೋಸ್ವೆಲಿಕ್ ಆಮ್ಲಗಳು ಉರಿಯೂತ ಎಬ್ಬಿಸುವ ಒಂದು ಕಿಣ್ವವನ್ನು ತಡೆಯುತ್ತವೆ ಅಂತ ಲ್ಯಾಬಿನಲ್ಲಿ ಗೊತ್ತಾಗಿದೆ. 2003ರಲ್ಲಿ ನಾಗಪುರದಲ್ಲಿ ಮೊಣಕಾಲು ಸವೆದ 30 ಜನರ ಮೇಲೆ ಪರೀಕ್ಷೆ ಮಾಡಿದಾಗ ನೋವು ಕಡಿಮೆ ಆಯಿತು, ನಡೆಯುವ ದೂರ ಹೆಚ್ಚಿತು. ಆದರೆ 30 ಜನ ಅಂದರೆ ಬಹಳ ಕಡಿಮೆ. ಫಿನ್‌ಲೆಂಡಿನಲ್ಲಿ 2008ರಲ್ಲಿ ಸ್ಪ್ರೂಸ್ ಮರದ ರಾಳದ ಮುಲಾಮನ್ನು ಮಲಗಿದಲ್ಲೇ ಇರುವ ರೋಗಿಗಳ ಬೆನ್ನುಹುಣ್ಣಿಗೆ ಹಚ್ಚಿ ನೋಡಿದರು. ಅಲ್ಲಿಯ ಹಳ್ಳಿ ಮದ್ದು ಅದು. ಹುಣ್ಣು ಚೆನ್ನಾಗಿ ಮಾಯಿತು. ನನಗೆ ಇಷ್ಟವಾಗುವುದು ಈ ದಾರಿ. ಅಜ್ಜಿ ಹೇಳಿದ್ದನ್ನು ನಂಬಲೂ ಇಲ್ಲ, ಬಿಡಲೂ ಇಲ್ಲ, ಎಣಿಸಿ ನೋಡಿದರು.

ದೇಸಿ ಅವರಿಗೆ ಇನ್ನೊಂದು ವಿಷಯ. ಗುಗ್ಗುಳದ ಗಿಡ ಈಗ ಅಳಿವಿನ ಅಂಚಿನ ಪಟ್ಟಿಯಲ್ಲಿದೆ. ಜಾಸ್ತಿ ರಾಳ ಸುರಿಯಲಿ ಅಂತ ಕಾಂಡಕ್ಕೆ ಆಳವಾಗಿ ಕೊಯ್ದು, ಏನೇನೋ ಹಚ್ಚುತ್ತಾರೆ. ರಾಳ ಕೊಟ್ಟು ಗಿಡವೇ ಸಾಯುತ್ತದೆ.

ಪಕ್ಕಾ ದೇಸಿ

ಗಿಡ ಉಳಿಸಬೇಕು ಅನ್ನುವುದಕ್ಕೆ ನನ್ನ ಪೂರ್ತಿ ಬೆಂಬಲ. ಉಳಿದದ್ದಕ್ಕೆ ಇಲ್ಲ. 103 ಅಮೆರಿಕದವರನ್ನು ನೋಡಿ ನಮ್ಮ ಊರಿನವರ ಮದ್ದು ತೀರ್ಮಾನ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಇಲ್ಲಿಯೇ ದೊಡ್ಡದಾಗಿ ಪರೀಕ್ಷೆ ಆಗಲಿ.

ನಿರ್ವಾಹಕ

ಯಾರೂ ಇಲ್ಲಿ ಔಷಧದ ಡೋಸ್ ಬರೆಯಬೇಡಿ. ಬರೆದದ್ದು ಒಂದನ್ನು ತೆಗೆದಿದ್ದೇನೆ.

ಸಲೀಂ, ಬೀದರ್

ರಾಳ ಅಂದ ಕೂಡಲೇ ಓದೋಣ ಅಂತ ಬಂದೆ. ನಮ್ಮದು ಬಿದ್ರಿ ಕೆಲಸ. ಅಬ್ಬಾ ಕಾಲದಿಂದ ಮನೆಯಲ್ಲಿ ರಾಳದ ಡಬ್ಬಿ ಇದ್ದೇ ಇದೆ. ಎರಕದ ಅಚ್ಚಿಗೆ ಕೆಂಪು ಮಣ್ಣು, ಹರಳೆಣ್ಣೆ, ರಾಳ ಕಲಸುತ್ತೇವೆ. ರಾಳ ಇಲ್ಲದಿದ್ದರೆ ಮಣ್ಣು ಹಿಡಿಯುವುದಿಲ್ಲ, ಅಂಚು ಉದುರುತ್ತದೆ. ಅದರೊಳಗೆ ಸತುವು, ತಾಮ್ರ ಕರಗಿಸಿ ಸುರಿಯುತ್ತೇವೆ, ಸುಮಾರು 16 ಪಾಲು ಸತುವಿಗೆ 1 ಪಾಲು ತಾಮ್ರ. ಆಮೇಲೆ ಚಿತ್ತಾರ ಕೊರೆಯುವಾಗ ಸಾಮಾನು ಅಲ್ಲಾಡಬಾರದು ಅಂತ ಮೇಣ ಮತ್ತು ರಾಳ ಕಾಯಿಸಿ ಅದರ ಮೇಲೆ ಕೂರಿಸುತ್ತೇವೆ. ತಣ್ಣಗಾದರೆ ಕಲ್ಲು. ಕೆಲಸ ಮುಗಿದ ಮೇಲೆ ಸ್ವಲ್ಪ ಬಿಸಿ ತಾಗಿಸಿದರೆ ಬಿಟ್ಟುಕೊಡುತ್ತದೆ. ಬೆಳ್ಳಿ ತಂತಿ ಬಡಿದು ಕೂರಿಸಿ, ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರದ ನೀರಿನಲ್ಲಿ ಕಪ್ಪು ಬರಿಸುವುದು ಎಲ್ಲರಿಗೂ ಗೊತ್ತಿದೆ. ಕೋಟೆ ಮಣ್ಣಿನ ಬಗ್ಗೆ ಎಲ್ಲರೂ ಬರೆಯುತ್ತಾರೆ, ರಾಳದ ಬಗ್ಗೆ ಯಾರೂ ಬರೆಯುವುದಿಲ್ಲ.

ನನ್ನ ಪ್ರಶ್ನೆ ಬೇರೆ. ರಾಳ ಕಾಯಿಸುವ ದಿನ ನಮ್ಮ ಅಣ್ಣನಿಗೆ ರಾತ್ರಿ ಕೆಮ್ಮು, ಎದೆ ಬಿಗಿತ. ಜುಮ್ಮಾ ದಿನ ಕೆಲಸ ಇಲ್ಲ, ಆರಾಮಾಗಿರುತ್ತಾನೆ. ಮರದ ರಾಳ ಅಲ್ವಾ, ಏನಾಗುತ್ತದೆ ಅಂತ ಮನೆಯಲ್ಲಿ ಯಾರೂ ತಲೆ ಕೆಡಿಸಿಕೊಳ್ಳುತ್ತಿಲ್ಲ.

ಮೇಷ್ಟ್ರು, ಆಳಂದ

ಸಲೀಂ, ಇದನ್ನು ಹಗುರವಾಗಿ ತಗೋಬೇಡಿ. ನೀವು ಬಳಸುವುದು ಪೈನ್ ಮರದ ರಾಳ ಇರಬೇಕು. ಹಿಮಾಚಲ, ಉತ್ತರಾಖಂಡದ ಚೀರ್ ಪೈನ್ ಮರಕ್ಕೆ ಗಾಯ ಮಾಡಿ ಇಳಿಸುತ್ತಾರೆ. ಹಬೆಯಲ್ಲಿ ಕಾಯಿಸಿದಾಗ ಟರ್ಪಂಟೈನ್ ಹಾರಿ ಹೋಗಿ ಹಳದಿ ಗಟ್ಟಿ ಉಳಿಯುತ್ತದೆ. ಅದರ ಮುಖ್ಯ ಅಂಶ ಅಬಿಯೆಟಿಕ್ ಆಮ್ಲ. ಮೊಬೈಲ್ ರಿಪೇರಿಯವರು ಬೆಸುಗೆ ಹಾಕುವಾಗ ಬಳಸುವ ಫ್ಲಕ್ಸ್ ಕೂಡ ಬಹುತೇಕ ಇದೇ. ಇದರ ಹೊಗೆ ಕೆಲಸದಿಂದ ಬರುವ ಉಬ್ಬಸಕ್ಕೆ ಹೆಸರಾದ ಕಾರಣ. ಬ್ರಿಟನ್ನಿನಲ್ಲಿ ಬೆಸುಗೆ ಕೆಲಸದವರಲ್ಲಿ ಇದನ್ನು ಚೆನ್ನಾಗಿ ದಾಖಲೆ ಮಾಡಿದ್ದಾರೆ.

ಕೆಲಸದ ದಿನ ರಾತ್ರಿ ಕೆಮ್ಮು, ರಜೆಯ ದಿನ ಆರಾಮು. ಡಾಕ್ಟರು ಹುಡುಕುವ ಗುರುತೇ ಅದು. ಎದೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ‘ರಾಳದ ಹೊಗೆ’ ಅಂತ ಬಾಯಿ ಬಿಟ್ಟು ಹೇಳಿ. ಹೇಳದಿದ್ದರೆ ಅವರಿಗೂ ಹೊಳೆಯುವುದಿಲ್ಲ. ಒಮ್ಮೆ ಮೈ ಅದಕ್ಕೆ ಸಿಡಿಯಲು ಕಲಿತರೆ ಆಮೇಲೆ ಸ್ವಲ್ಪ ಹೊಗೆಯೂ ಸಾಕು. ಮೂಗಿಗೆ ಕರ್ಚೀಫ್ ಕಟ್ಟಿದರೆ ಏನೂ ಪ್ರಯೋಜನ ಇಲ್ಲ. ಹೊಗೆ ಏಳುವ ಜಾಗದಲ್ಲೇ ಎಳೆದು ಹೊರಗೆ ಹಾಕುವ ಫ್ಯಾನ್ ಬೇಕು. ರಾಳ ಮೆತ್ತಗಾಗುವಷ್ಟೇ ಬಿಸಿ ಕೊಡಿ, ಹೊಗೆಯಾಡುವ ತನಕ ಬೇಡ.

ಲೋಬಾನಕ್ಕೂ ಇದೇ ಮಾತು. ಉಬ್ಬಸ ಇರುವ ಮಕ್ಕಳ ಕೋಣೆಯಲ್ಲಿ ಬಾಗಿಲು ಹಾಕಿ ಹೊಗೆ ಹಾಕಬೇಡಿ. ಲೋಬಾನದ ಟಿಂಚರ್ ಅಂಗಡಿಯಲ್ಲಿ ಸಿಗುತ್ತದೆ, ಅದು ಔಷಧವೇ, ಆದರೆ ಅದರದು ಹೊಗೆ ಅಲ್ಲ, ಬಿಸಿನೀರಿನ ಆವಿ.

ಹಲ್ಲಿನ ಡಾಕ್ಟರು, ಯಾದಗಿರಿ

ಶಿವು ಅವರ ಫ್ಲೋರೈಡ್ ಮಾತಿಗೆ ನನ್ನದೊಂದಿಷ್ಟು. ನಮ್ಮ ಜಿಲ್ಲೆಯ ಕೆಲವು ಹಳ್ಳಿಗಳಲ್ಲಿ ಮಗು ಬಾಯಿ ತೆರೆದರೆ ಬೋರ್‌ವೆಲ್ ನೀರು ಕುಡಿದು ಬೆಳೆದದ್ದು ಗೊತ್ತಾಗುತ್ತದೆ. ಬಿಳಿ ಸುಣ್ಣದ ಮಚ್ಚೆ, ಜಾಸ್ತಿಯಾದರೆ ಕಂದು ಗೆರೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ. ಹಲ್ಲು ಒಸಡಿನೊಳಗೆ ರೂಪುಗೊಳ್ಳುವ ವಯಸ್ಸಿನಲ್ಲಿ ಆದ ಹಾನಿ ಅದು. ಪೇಸ್ಟ್ ಬದಲಿಸಿದರೆ ಹೋಗುವುದಿಲ್ಲ.

ಸೌಮ್ಯ ಮಚ್ಚೆಗೆ ಈಗ ರೆಸಿನ್ ಇಳಿಸುವ ಚಿಕಿತ್ಸೆ ಇದೆ. ಜರ್ಮನಿಯಿಂದ ಬಂದದ್ದು. ಮಚ್ಚೆ ಯಾಕೆ ಬೆಳ್ಳಗೆ ಕಾಣುತ್ತದೆ? ಹಲ್ಲಿನ ಎನಾಮಲ್ ಒಳಗೆ ಸಣ್ಣ ಸಣ್ಣ ತೂತು, ಅದರಲ್ಲಿ ನೀರು ಅಥವಾ ಗಾಳಿ. ಎನಾಮಲ್ ಬೆಳಕನ್ನು ಬಗ್ಗಿಸುವ ಅಂಕಿ 1.62, ನೀರಿನದು 1.33, ಗಾಳಿಯದು 1. ಈ ವ್ಯತ್ಯಾಸಕ್ಕೆ ಬೆಳಕು ಚದುರಿ ಬಿಳಿ ಕಾಣುತ್ತದೆ. ಮೇಲ್ಪದರವನ್ನು ಆಸಿಡ್ ಜೆಲ್‌ನಿಂದ ಸ್ವಲ್ಪ ತೆರೆದು, ಒಣಗಿಸಿ, ಸಲೀಸಾಗಿ ಇಳಿಯುವ ತೆಳ್ಳಗಿನ ರೆಸಿನ್ ಹಚ್ಚುತ್ತೇವೆ. ಅದು ತೂತುಗಳಲ್ಲಿ ಇಂಗಿ ಕೂರುತ್ತದೆ. ಅದರ ಅಂಕಿ ಎನಾಮಲ್ಲಿಗೆ ಹತ್ತಿರ. ಬೆಳಕು ಚದುರುವುದು ನಿಂತಿತು, ಮಚ್ಚೆ ಕಣ್ಣೆದುರಿಗೇ ಮಾಯವಾಗುತ್ತದೆ. ಮಕ್ಕಳು ಕನ್ನಡಿ ಕೈಬಿಡುವುದಿಲ್ಲ. ಆಮೇಲೆ ನೀಲಿ ಬೆಳಕು ಹಿಡಿದು ಗಟ್ಟಿ ಮಾಡುತ್ತೇವೆ. ಕಂದು ಬಣ್ಣ ಆಳಕ್ಕೆ ಇಳಿದಿದ್ದರೆ ಇದು ಸಾಲದು.

ಮಾಮೂಲಿ ಬಿಳಿ ಫಿಲ್ಲಿಂಗ್ ಕೂಡ ರೆಸಿನ್ನೇ. ರಾಫೆಲ್ ಬೋವೆನ್ ಎಂಬ ಅಮೆರಿಕದ ದಂತವೈದ್ಯ ಮಾಡಿದ್ದು, ಪೇಟೆಂಟ್ 1962ರಲ್ಲಿ. ಎಪಾಕ್ಸಿಯ ನೆಂಟಸ್ತಿಕೆಯ ಅಣುವಿಗೆ ಗಾಜಿನ ಪುಡಿ ಸೇರಿಸಿದ್ದು. ಅಜ್ಜನ ಸೆಟ್ ಹಲ್ಲಿನ ಗುಲಾಬಿ ಒಸಡು ಅಕ್ರಿಲಿಕ್. ಮಂಡಿ, ಸೊಂಟದ ಕೀಲು ಬದಲಿಸುವಾಗ ಹಾಕುವ ಮೂಳೆ ಸಿಮೆಂಟ್ ಕೂಡ ಆ ಅಕ್ರಿಲಿಕ್ಕೇ. ಸೇಡಂ ಸಿಮೆಂಟಿಗೂ ಅದಕ್ಕೂ ಸಂಬಂಧ ಇಲ್ಲ.

ಕವಿತಾ, ಕಡಗಂಚಿ

ಅರಗು ಬಿಟ್ಟರೆ ಹೇಗೆ? ಹೈದರಾಬಾದ್ ಲಾಡ್ ಬಜಾರಿನಿಂದ ನಮ್ಮ ಕಡೆಯವರು ತರುವ ಲಾಖ್ ಬಳೆಗಳ ಅರಗು. ಅದು ಗಿಡದ ರಾಳ ಅಲ್ಲ. ಮುತ್ತುಗ, ಬೋರೆ, ಕುಸುಮ ಮರಗಳ ಕೊಂಬೆಗೆ ಕೂತ ಸಣ್ಣ ಕೀಟ ಸುರಿಸುವುದು. ಇದಕ್ಕೆಂದೇ 1924ರಲ್ಲಿ ರಾಂಚಿಯಲ್ಲಿ ಸಂಶೋಧನಾ ಸಂಸ್ಥೆ ಶುರುವಾಯಿತು, ಇವತ್ತಿಗೂ ಇದೆ. ಹಳೆ 78 ಆರ್‌ಪಿಎಂ ಗ್ರಾಮಾಫೋನ್ ತಟ್ಟೆ ಇದರದೇ. ಈಗ ಮಾತ್ರೆಯ ಹೊರಗಿನ ಪದರಕ್ಕೆ, ಮಿಠಾಯಿಯ ಹೊಳಪಿಗೆ, ಸೇಬಿನ ಮೇಲಿನ ಮೆರುಗಿಗೆ ಬಳಸುತ್ತಾರೆ. ಪ್ಯಾಕೆಟ್ ಮೇಲೆ 904 ಅಂತ ಅಂಕಿ ಇದ್ದರೆ ಅದೇ.

ಶಿವು, ಶಹಾಪುರ

ಅಕ್ಕಾ, ಇದನ್ನು ನಮ್ಮ ಅಜ್ಜಿಗೆ ಮಾತ್ರ ಹೇಳಬೇಡಿ. ಮಾತ್ರೆ ನುಂಗುವುದನ್ನೇ ಬಿಡುತ್ತಾರೆ.

ಭಾಗ್ಯ, ಹುಮನಾಬಾದ್

ನಾನು ಮನೆಯಲ್ಲಿ ಎಪಾಕ್ಸಿ ರೆಸಿನ್ ಹಾಕಿ ಕೀಚೈನ್, ಫೋಟೋ ಫ್ರೇಮ್, ಮದುವೆ ಹಾರದ ಹೂ ಕಾಪಿಡುವ ತಟ್ಟೆ ಮಾಡಿ ಮಾರುತ್ತೇನೆ. ಇತ್ತೀಚೆಗೆ ಬೆರಳ ಸಂದಿಯಲ್ಲಿ ತುರಿಕೆ, ಚರ್ಮ ಒಡೆಯುತ್ತಿದೆ. ಸೋಪಿನದು ಇರಬಹುದಾ? ಬಾಟಲಿಯ ಮೇಲೆ ವಿಷರಹಿತ ಅಂತ ಬರೆದಿದೆ.

ಬಸಣ್ಣ, ಚಿತ್ತಾಪುರ

ತಂಗಿ, ಬಾಟಲಿ ನಂಬಬೇಡ. ನಮ್ಮಲ್ಲಿ ಪಂಪಿನ ರಿಪೇರಿಗೆ ಎಪಾಕ್ಸಿ ಕಲಸುವ ಹುಡುಗರಿಗೂ ಹೀಗೇ ಆಗಿತ್ತು. ಎರಡು ಬಾಟಲಿ ಇರುತ್ತವಲ್ಲ, ಒಂದು ರೆಸಿನ್, ಒಂದು ಹಾರ್ಡನರ್. ಹಾರ್ಡನರಿನಲ್ಲಿ ಅಮೀನ್ ಇರುತ್ತದೆ. ಎರಡೂ ಸೇರಿ ಪೂರ್ತಿ ಗಟ್ಟಿಯಾದ ಮೇಲೆ ತೊಂದರೆ ಇಲ್ಲ. ಹಸಿಯಾಗಿದ್ದಾಗ ಚರ್ಮಕ್ಕೆ ಅಲರ್ಜಿ ಹಿಡಿಸುತ್ತವೆ. ಒಮ್ಮೆ ಹಿಡಿದರೆ ಜೀವನಪೂರ್ತಿ ಬಿಡುವುದಿಲ್ಲ. ನೈಟ್ರೈಲ್ ಕೈಗವಸು ಹಾಕು, ತೆಳ್ಳಗಿನ ಪಾಲಿಥೀನ್ ಸಾಲದು. ಅಂಟಿದ್ದನ್ನು ಥಿನ್ನರ್‌ನಿಂದ ಒರೆಸಬೇಡ, ಅದು ಚರ್ಮದೊಳಗೆ ಇನ್ನೂ ಬೇಗ ಇಳಿಸುತ್ತದೆ. ಸೋಪು ನೀರು ಸಾಕು. ಅಳತೆ ತಪ್ಪಿ ಕಲಸಿದರೆ ಮೇಲೆ ಗಟ್ಟಿ ಕಂಡರೂ ಒಳಗೆ ಹಸಿ ಉಳಿದಿರುತ್ತದೆ. ಉಜ್ಜಿ ಪಾಲಿಶ್ ಮಾಡುವಾಗ ಆ ಧೂಳು ಮೂಗಿಗೆ ಹೋಗುತ್ತದೆ, ಒದ್ದೆ ಮಾಡಿ ಉಜ್ಜು. ತುರಿಕೆ ಹೋಗುವ ತನಕ ಕೆಲಸ ನಿಲ್ಲಿಸಿ ಚರ್ಮದ ಡಾಕ್ಟರಿಗೆ ತೋರಿಸು. ಊಟದ ತಟ್ಟೆ, ಲೋಟ ಮಾತ್ರ ಇದರಲ್ಲಿ ಮಾಡಿ ಮಾರಬೇಡ.

ಭಾಗ್ಯ, ಹುಮನಾಬಾದ್

ಕೈಗವಸು ಇವತ್ತೇ ತರಿಸುತ್ತೇನೆ ಅಣ್ಣಾ. ಕೆಟ್ಟು ಹೋದ ಪೀಸುಗಳು ಒಂದು ಚೀಲ ಆಗಿವೆ. ಕರಗಿಸಿ ಮತ್ತೆ ಬಳಸಬಹುದಾ?

ಮೇಷ್ಟ್ರು, ಆಳಂದ

ಆಗುವುದಿಲ್ಲಮ್ಮಾ. ಸಲೀಂ ಅವರ ರಾಳ ಎಷ್ಟು ಸಲ ಬೇಕಾದರೂ ಕರಗುತ್ತದೆ. ಎಪಾಕ್ಸಿ ಒಮ್ಮೆ ಗಟ್ಟಿಯಾದರೆ ಸರಪಳಿಗಳೆಲ್ಲ ಕಟ್ಟಿಕೊಂಡು ಒಂದೇ ಬಲೆ ಆಗುತ್ತವೆ. ಬಿಸಿ ಮಾಡಿದರೆ ಕರಗದೆ ಸುಡುತ್ತದೆ, ಕೆಟ್ಟ ಹೊಗೆ ಬರುತ್ತದೆ. ಹಿತ್ತಲಲ್ಲಿ ಸುಡಲೇಬೇಡಿ. ಗಾಳಿಯಂತ್ರದ ದೊಡ್ಡ ರೆಕ್ಕೆಗಳಿಗೂ ಇದೇ ತಲೆನೋವು, ಗಾಜಿನ ನಾರಿಗೆ ಎಪಾಕ್ಸಿ ಕುಡಿಸಿ ಮಾಡಿದವು ಅವು. ಹಳೆಯದಾದರೆ ಕತ್ತರಿಸಿ ಹೂಳುವುದೇ ಜಾಸ್ತಿ. 2011ರಲ್ಲಿ ಫ್ರಾನ್ಸಿನ ಲುಡ್ವಿಕ್ ಲೈಬ್ಲರ್ ಅವರ ತಂಡ ವಿಟ್ರಿಮರ್ ಎಂಬ ಹೊಸ ಜಾತಿಯನ್ನು ಪ್ರಕಟಿಸಿತು. ಬಿಸಿ ಮಾಡಿದರೆ ಅದರ ಗಂಟುಗಳು ಬಿಚ್ಚದೆಯೇ ಜಾಗ ಬದಲಿಸುತ್ತವೆ, ಹಾಗಾಗಿ ಮತ್ತೆ ಬೇರೆ ಆಕಾರ ಕೊಡಬಹುದು. ನಿಮ್ಮ ಬಾಟಲಿಯಲ್ಲಿರುವುದು ಅದಲ್ಲ. ಕೆಟ್ಟ ಪೀಸುಗಳನ್ನು ಒಡೆದು ಚೂರು ಮಾಡಿ ಹೊಸ ಅಚ್ಚಿನೊಳಗೆ ತುಂಬುಗಲ್ಲಾಗಿ ಹಾಕಿ, ಬಣ್ಣ ಬಣ್ಣ ಚೆನ್ನಾಗಿಯೂ ಕಾಣುತ್ತದೆ.

ಶಿವು, ಶಹಾಪುರ

ಬಸಣ್ಣ, ನಿಮ್ಮ ಟ್ಯಾಂಕಿನ ಹಳೆ ರೆಸಿನ್ ಎಲ್ಲಿಗೆ ಹೋಗುತ್ತದೆ?

ಬಸಣ್ಣ, ಚಿತ್ತಾಪುರ

ಲೋಹದ ವಿಷ ಹಿಡಿದ ರೆಸಿನ್ ಅಪಾಯಕಾರಿ ತ್ಯಾಜ್ಯದ ಪಟ್ಟಿಯಲ್ಲಿದೆ, 2016ರ ನಿಯಮ. ಲೆಕ್ಕ ಬರೆದು, ಅನುಮತಿ ಇದ್ದವರಿಗೇ ಕೊಡಬೇಕು. ಇಂಥ ಎಷ್ಟೋ ತ್ಯಾಜ್ಯ ಕೊನೆಗೆ ಸಿಮೆಂಟ್ ಕುಲುಮೆಗೇ ಬರುತ್ತದೆ. ಒಳಗೆ 1,400 ಡಿಗ್ರಿಗೂ ಜಾಸ್ತಿ ಬಿಸಿ, ಇಂಧನದ ಜೊತೆ ಸುಡುತ್ತಾರೆ. ಅದಕ್ಕೂ ಅನುಮತಿ ಬೇಕು. ಮನೆ ಸಾಫ್ಟನರಿನದಾದರೆ ಹಾಕಿಸಿದವನಿಗೇ ವಾಪಸ್ ಒಯ್ಯಲು ಹೇಳಿ. ಚರಂಡಿಗೆ ಸುರಿದರೆ ಪೈಪ್ ಕಟ್ಟುತ್ತದೆ.

ಮಲ್ಲು, ಸೇಡಂ

ಡಾಕ್ಟರಿಗೆ ಫೋನ್ ಮಾಡಿದೆ. ನಾಳೆಯೇ ಮತ್ತೆ ರಕ್ತ ಪರೀಕ್ಷೆ ಮಾಡಿಸಿ ಅಂದರು, ಪುಡಿ ಮುಂದುವರಿಸಲು ಹೇಳಿದರು. ಅಪ್ಪ ಸಂಜೆ ಕುಡಿದರು. ಸುವರ್ಣಾ ಅಕ್ಕಾ, ಬಿಪಿ ಮಾತ್ರೆ ರಾತ್ರಿ 8ಕ್ಕೆ ಇದೆ, ಪುಡಿಯನ್ನು 4ಕ್ಕೆ ಕೊಟ್ಟರೆ ನಡೆಯುತ್ತದಾ?

ಸುವರ್ಣಾ, ಕಲಬುರಗಿ (ಔಷಧಿ ಅಂಗಡಿ)

ನಡೆಯುತ್ತದೆ. ಆದರೆ ನಾಳೆ ಹೋದಾಗ ಆ ಬಿಪಿ ಮಾತ್ರೆಯ ಹೆಸರನ್ನೂ ಡಾಕ್ಟರಿಗೆ ತೋರಿಸಿ. ಕೆಲವು ಬಿಪಿ ಮಾತ್ರೆಗಳೇ ಪೊಟ್ಯಾಸಿಯಂ ಏರಿಸುತ್ತವೆ.